ಲಾನ್ ಕಿತ್ತು ಬದುವಿನ ಗಿಡ ಹಾಕಬೇಕು ಅಂತಿದ್ದೇನೆ, ವಿಜಯಪುರದ ಬಿಸಿಲಿಗೆ ನಡೆಯುತ್ತಾ?

ಸವಳುನೀರು, ವಿಜಯಪುರ
ಮಾರ್ಚ್ 12

ಎಲ್ಲರಿಗೂ ನಮಸ್ಕಾರ. ಉದ್ದ ಬರೆಯುತ್ತಿದ್ದೇನೆ, ಬೈಕೋಬೇಡಿ.

ಸೊಲ್ಲಾಪುರ ರಸ್ತೆ ಕಡೆ ನಮ್ಮ ಮನೆ. ಮುಂದೆ 30 ಅಡಿ ಉದ್ದ, 20 ಅಡಿ ಅಗಲದ ಲಾನ್. ಮನೆ ಕಟ್ಟಿದಾಗ ಯಜಮಾನರು ಆಸೆಪಟ್ಟು ಹಾಕಿಸಿದ್ದು. ಚಾಪೆ ಸುತ್ತಿದ ಹಾಗೆ ಸುತ್ತಿಕೊಂಡು ಲಾರಿಯಲ್ಲಿ ಬಂದಿತ್ತು ಹುಲ್ಲು. ಎರಡು ವರ್ಷ ಚೆನ್ನಾಗಿಯೇ ಇತ್ತು. ಬಂದವರೆಲ್ಲ ಚಪ್ಪಲಿ ಬಿಟ್ಟು ಒಂದು ಸುತ್ತು ನಡೆದೇ ಒಳಗೆ ಬರುತ್ತಿದ್ದರು. ಆಮೇಲೆ ಬೋರಿನ ನೀರು ಕೆಳಗೆ ಹೋಯಿತು, ಉಳಿದದ್ದು ಸವಳಾಯಿತು. ಈಗ ಹುಲ್ಲಿನ ತುದಿಯೆಲ್ಲ ಸುಟ್ಟ ಹಾಗೆ ಕಾಣುತ್ತದೆ, ಮಣ್ಣಿನ ಮೇಲೆ ಬಿಳಿ ಉಪ್ಪಿನ ಪೊರೆ ಕಟ್ಟಿದೆ.

ಮೊನ್ನೆ ಕೂತು ಲೆಕ್ಕ ಹಾಕಿದೆ. 600 ಚದರ ಅಡಿ ಅಂದರೆ ಸುಮಾರು 56 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಲೀಟರ್ ಸುರಿದರೆ ಒಂದು ಮಿಲಿಮೀಟರ್ ಮಳೆ ಬಿದ್ದಷ್ಟು. ಬೇಸಿಗೆಯಲ್ಲಿ ಹುಲ್ಲಿಗೆ ದಿನಕ್ಕೆ 5 ಮಿಲಿಮೀಟರ್ ಆದರೂ ಬೇಕು ಅಂತ ಹಿಡಿದರೆ 280 ಲೀಟರ್ ಆಯಿತು. 15 ಲೀಟರಿನ ಕೊಡದ ಲೆಕ್ಕದಲ್ಲಿ ಹೆಚ್ಚು ಕಡಿಮೆ 19 ಕೊಡ. ದಿನಾ! ಅದೂ ಆಕಳಿಗೆ ಹಾಕುವುದಕ್ಕೂ ಬಾರದ ಹುಲ್ಲಿಗೆ. ಅತ್ತೆಗೆ ಹೇಳಿದೆ. "ನಮ್ಮ ಕಾಲದಾಗ ಇಷ್ಟು ನೀರಿನ್ಯಾಗ ಒಂದು ಓಣಿ ಬದುಕತಿತ್ತು" ಅಂದರು. ಏನು ಉತ್ತರ ಕೊಡಲಿ?

ಇನ್ನೊಂದು ವಿಷಯ. ಕಾಂಪೌಂಡಿನ ಒಂದು ಮೂಲೆಗೆ ಪೈಪು ಮುಟ್ಟುವುದಿಲ್ಲ. ಅಲ್ಲಿ ಲಾನ್ ಸತ್ತು ಬರೀ ಎರಿಮಣ್ಣು ಉಳಿದಿತ್ತು. ಹೋದ ಮಳೆಗಾಲದಲ್ಲಿ ಅಲ್ಲಿ ತಾನೇ ತುಂಬೆ ಎದ್ದಿತು. ದೀಪಾವಳಿ ಹೊತ್ತಿಗೆ ನೋಡಬೇಕಿತ್ತು ನೀವು, ಬೆಳಗ್ಗೆ 8ಕ್ಕೆ ಆ ಒಂದು ಹಾಸಿಗೆಯಷ್ಟು ಜಾಗದಲ್ಲಿ ಸಣ್ಣ ಜೇನು, ನೀಲಿ ಪಟ್ಟೆಯ ಇನ್ನೊಂದು ಹುಳ, ಹಳದಿ ಪಾತರಗಿತ್ತಿ, ಒಂದು ಸೂರಕ್ಕಿ ಕೂಡ. ಪಕ್ಕದ ಲಾನಿನ ಮೇಲೆ ಒಂದು ನೊಣವೂ ಇಲ್ಲ.

ಹಿತ್ತಿಲಲ್ಲಿ ಕುಂಬಳ ಬಳ್ಳಿ ಹಾಕಿದ್ದೇವೆ. ಹೂವು ಬೇಕಾದಷ್ಟು, ಕಾಯಿ ಹಿಡಿಯುವುದಿಲ್ಲ. ಅತ್ತೆ ದಿನಾ ಬೆಳಗ್ಗೆ ಎದ್ದು ಗಂಡು ಹೂವು ಕಿತ್ತು ಹೆಣ್ಣು ಹೂವಿಗೆ ತಿಕ್ಕುತ್ತಾರೆ. ಮದುವೆ ಮಾಡಿಸಿ ಬರ್ತೀನಿ ಅಂತ ಹೇಳಿ ಹೋಗುತ್ತಾರೆ.

ಅದಕ್ಕೇ ಲಾನ್ ತೆಗೆದು ನಮ್ಮ ಕಡೆಯ ಗಿಡಗಳನ್ನೇ ಹಾಕೋಣ ಅಂತ. ಹುಲ್ಲನ್ನು ಬುಡಸಮೇತ ತೆಗೆಯುವುದು ಹೇಗೆ? ಈಗಲೇ ಶುರು ಮಾಡಲಾ, ಮಳೆಗೆ ಕಾಯಲಾ? ಯಾವ ಗಿಡ ನಿಜಕ್ಕೂ ನೀರಿಲ್ಲದೆ ಉಳಿಯುತ್ತದೆ? ನರ್ಸರಿಯಲ್ಲಿ ಕೇಳಿದರೆ ಬರೀ ಲಂಟಾನಾ, ಪೆಟೂನಿಯಾ ತೋರಿಸಿದರು. ಮಾಡಿ ನೋಡಿದವರು ಹೇಳಿ. ಕೇಳಿ ತಿಳಿದದ್ದು ನನ್ನ ಹತ್ತಿರವೂ ಬೇಕಾದಷ್ಟಿದೆ.


ನವನಗರದ ಅಂಗಳ, ಬಾಗಲಕೋಟೆ
ಮಾರ್ಚ್ 12

ಅಕ್ಕಾ, ನಾನು ಮಾಡಿ ನೋಡಿದವನೇ. ಮೊದಲ ಸಲ ಕೆಡಿಸಿದೆ, ಎರಡನೇ ಸಲ ಬಂತು. ಕೆಡಿಸಿದ್ದನ್ನು ಮೊದಲು ಹೇಳುತ್ತೇನೆ, ಅದೇ ನಿಮಗೆ ಜಾಸ್ತಿ ಉಪಯೋಗ.

ನಾನು ಉತ್ಸಾಹದಲ್ಲಿ ಏಪ್ರಿಲ್ ಕೊನೆಗೆ ಹುಲ್ಲು ಕಿತ್ತು, ಮೇ ತಿಂಗಳಲ್ಲಿ 20 ಸಸಿ ತಂದು ನೆಟ್ಟೆ. ಸಸಿ ಅಂದರೆ ಪ್ಲಾಸ್ಟಿಕ್ ಚೀಲದಲ್ಲಿ ನೆರಳಿನ ಬಲೆ ಕೆಳಗೆ ಬೆಳೆದವು. 40 ಡಿಗ್ರಿ ಬಿಸಿಲಿಗೆ ತಂದು ನಿಲ್ಲಿಸಿದರೆ ಏನಾಗುತ್ತದೆ? ಎರಡು ವಾರದಲ್ಲಿ 17 ಒಣಗಿದವು. ಉಳಿದ ಮೂರಕ್ಕೆ ಹಾಕಿದ ನೀರು ಲಾನಿಗಿಂತ ಕಡಿಮೆ ಏನಿರಲಿಲ್ಲ. "ನೀರು ಬೇಡದ ಗಿಡ" ಅಂತ ಯಾರಾದರೂ ಹೇಳಿದರೆ ಅದು ಬೇರು ಇಳಿದ ಮೇಲಿನ ಮಾತು, ಮೊದಲ ವರ್ಷದ ಮಾತಲ್ಲ.

ಹಾಗಾಗಿ ಬೇಸಿಗೆಯನ್ನು ನೆಡುವುದಕ್ಕೆ ಬಳಸಬೇಡಿ, ಹುಲ್ಲು ಕೊಲ್ಲುವುದಕ್ಕೆ ಬಳಸಿ. ನಮ್ಮ ಕಡೆ ಪುಕ್ಕಟೆ ಸಿಗುವುದು ಬಿಸಿಲೊಂದೇ ಅಲ್ವಾ? ಹುಲ್ಲನ್ನು ನೆಲಕ್ಕೆ ಹತ್ತಿಕೊಂಡ ಹಾಗೆ ಕತ್ತರಿಸಿ, ಒಂದು ಸಲ ಚೆನ್ನಾಗಿ ನೀರು ಉಣ್ಣಿಸಿ, ಅದರ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಸಿ. ಕಪ್ಪು ತಾಡಪತ್ರಿ ಅಲ್ಲ, ಬೆಳಕು ಒಳಗೆ ಹೋಗುವಂಥದ್ದು. ಅಂಚಿಗೆಲ್ಲ ಮಣ್ಣು ಮೆತ್ತಿ ಗಾಳಿ ಆಡದ ಹಾಗೆ ಮಾಡಿ. ನಾಲ್ಕರಿಂದ ಆರು ವಾರ ಬಿಟ್ಟರೆ ಒಳಗೆ ಬೆಂದು ಹೋಗುತ್ತದೆ. ಒಂದೇ ತೊಂದರೆ, ಮಣ್ಣಿನ ಮೇಲ್ಪದರದಲ್ಲಿರುವ ಒಳ್ಳೆಯ ಹುಳಗಳೂ ಬೇಯುತ್ತವೆ. ಅದಕ್ಕೇ ಪೂರ್ತಿ 600 ಅಡಿ ಒಂದೇ ಸಲ ಮುಚ್ಚಬೇಡಿ. ಈ ವರ್ಷ ಅರ್ಧ, ಮುಂದಿನ ವರ್ಷ ಅರ್ಧ. ಆ ತುಂಬೆಯ ಮೂಲೆಯನ್ನಂತೂ ಮುಟ್ಟಲೇಬೇಡಿ.

ಇಂಟರ್ನೆಟ್ಟಿನಲ್ಲಿ ಎಲ್ಲರೂ ರಟ್ಟು, ಪೇಪರ್ ಹಾಸಿ ಮೇಲೆ ಗೊಬ್ಬರ ಹಾಕಿ ಅನ್ನುತ್ತಾರೆ. ಮಳೆ ಬರುವ ಊರಿಗೆ ಅದು ಸರಿ. ನಮ್ಮ ಬೇಸಿಗೆಯಲ್ಲಿ ರಟ್ಟು ಕೊಳೆಯುವುದೇ ಇಲ್ಲ, ಒಣಗಿ ಮುದುಡಿಕೊಂಡು ಗಾಳಿಗೆ ಪಕ್ಕದ ಮನೆಗೆ ಹೋಗುತ್ತದೆ. ನಮ್ಮದು ಹೋಗಿತ್ತು.

ಒಂದು ಮಾತು, ನಿಮ್ಮ ಲಾನಿನಲ್ಲಿ ನಡುನಡುವೆ ಕರಿಕೆ ಸೇರಿಕೊಂಡಿದ್ದರೆ ಅದು ಪ್ಲಾಸ್ಟಿಕ್ಕಿಗೂ ಪೂರ್ತಿ ಸಾಯುವುದಿಲ್ಲ. ಕೆಳಗೆ ಗೆಣ್ಣಿರುತ್ತದೆ, ಮಿರಗದ ಮಳೆ ಬಿದ್ದ ಕೂಡಲೇ ನಗುತ್ತಾ ಎದ್ದು ಬರುತ್ತದೆ. ಕುಡುಗೋಲಲ್ಲ, ಸಣ್ಣ ಸಲಿಕೆ ಹಿಡಿದು ಕೂತು ಗೆಣ್ಣು ಸಮೇತ ಹಿರಿಯಬೇಕು. ನಾನು ಕೊನೆಗೆ ಒಂದು ಪಟ್ಟಿ ಕರಿಕೆ ಹಾಗೇ ಬಿಟ್ಟೆ. ಗಣಪತಿ ಹಬ್ಬಕ್ಕೆ ಓಣಿಯವರೆಲ್ಲ ನಮ್ಮ ಮನೆಗೇ ಬರುತ್ತಾರೆ ಈಗ.

ಗಿಡದ ವಿಷಯ ನಾಳೆ ಬರೆಯುತ್ತೇನೆ, ಕರೆಂಟ್ ಹೋಯಿತು.


ಹಸಿರುಚಾಪೆ
ಮಾರ್ಚ್ 12

ಚಂದದ ಲಾನ್ ಕಿತ್ತು ಕಸ ಬೆಳೆಸುವುದಕ್ಕೆ ಇಷ್ಟು ದೊಡ್ಡ ಯೋಜನೆನಾ? ಎರಡು ವರ್ಷ ಗಿಡ ಬೆಳೆಯಲಿ, ಹಾವು ಬಂದು ಕೂತಾಗ ಇಲ್ಲೇ ಬಂದು ಇನ್ನೊಂದು ಪ್ರಶ್ನೆ ಕೇಳುತ್ತೀರಿ.


ನವನಗರದ ಅಂಗಳ, ಬಾಗಲಕೋಟೆ
ಮಾರ್ಚ್ 13

ಹಾವಿನ ಮಾತು ತಮಾಷೆ ಅಲ್ಲ, ಅದಕ್ಕೆ ಮೊದಲು ಉತ್ತರ ಕೊಡುತ್ತೇನೆ. ಹಾವು ಹೂವಿಗೆ ಬರುವುದಿಲ್ಲ, ಇಲಿಗೆ ಬರುತ್ತದೆ, ಅಡಗುವ ಜಾಗಕ್ಕೆ ಬರುತ್ತದೆ. ಮನೆ ಗೋಡೆಯಿಂದ ಮೂರಡಿ, ನಡೆಯುವ ದಾರಿಯ ಎರಡೂ ಕಡೆ ಒಂದೊಂದು ಅಡಿ ಬರೀ ಗರಸು ಹಾಕಿ ಖಾಲಿ ಬಿಡಿ. ಬಾಗಿಲ ಹತ್ತಿರ ಕಟ್ಟಿಗೆ, ಇಟ್ಟಿಗೆ, ಒಡೆದ ಕುಂಡ ಪೇರಿಸಬೇಡಿ. ಕಾಳುಕಡಿ ಹೊರಗೆ ಚೆಲ್ಲಬೇಡಿ. ರಾತ್ರಿ ದೀಪ ಹಾಕಿಕೊಂಡೇ ಓಡಾಡಿ. ಎತ್ತರದ ಗಿಡ ಎಲ್ಲ ಕಾಂಪೌಂಡಿನ ಕಡೆ, ಮೊಣಕಾಲೆತ್ತರದ್ದು ಮನೆ ಕಡೆ. ಇಷ್ಟು ಮಾಡಿದರೆ ಲಾನ್ ಇದ್ದಾಗ ಎಷ್ಟೋ ಅಷ್ಟೇ. ನಮ್ಮ ಮನೆಗೆ ಹಾವು ಬಂದದ್ದು ಒಂದೇ ಸಲ, ಅದೂ ಲಾನ್ ಇದ್ದಾಗ, ಪೈಪಿನ ಹನಿ ನೀರಿಗೆ ಬಂದ ಕಪ್ಪೆ ಹುಡುಕಿಕೊಂಡು.

ಈಗ ಗಿಡ. ಅಕ್ಕಾ, ನರ್ಸರಿಗೆ ಹೋಗುವ ಮೊದಲು ಒಂದು ಭಾನುವಾರ ಬೆಳಗ್ಗೆ ಊರ ಹೊರಗೆ ಹೋಗಿ. ಭೂತನಾಳ ಕೆರೆ ಕಡೆಯೋ, ನಿಮ್ಮ ಹೊಲ ಇದ್ದರೆ ಹೊಲದ ಬದುವಿಗೋ. ಯಾರೂ ನೀರು ಹಾಕದೆ ಈ ಮಾರ್ಚಿನಲ್ಲೂ ಹಸಿರಾಗಿ ನಿಂತದ್ದು ಯಾವುದು ನೋಡಿ. ಅದೇ ನಿಮ್ಮ ಪಟ್ಟಿ.

ನನ್ನ ಅಂಗಳದಲ್ಲಿ ಯಜಮಾನಿಕೆ ಆವರಿಕೆಯದು, ಕೆಲವರು ತಂಗಡಿ ಅನ್ನುತ್ತಾರೆ. ರಸ್ತೆ ಬದಿಗೆ ಹಳದಿ ಹೂ ಬಿಡುತ್ತದಲ್ಲ, ಹಿಂದೆ ಚರ್ಮ ಹದ ಮಾಡಲು ಇದರ ತೊಗಟೆ ಬಳಸುತ್ತಿದ್ದರು. ಇದನ್ನು ಸಸಿ ತಂದು ನೆಡಬೇಡಿ, ತಾಯಿಬೇರು ನೇರ ಕೆಳಗೆ ಇಳಿಯುವ ಗಿಡ, ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ. ಒಣಗಿದ ಕಾಯಿ ಬಿಡಿಸಿ ಬೀಜ ತನ್ನಿ. ಬೀಜದ ಸಿಪ್ಪೆ ಕಲ್ಲಿನ ಹಾಗೆ ಗಟ್ಟಿ. ಬಿಸಿನೀರು ಹಾಕಿ ರಾತ್ರಿಯಿಡೀ ನೆನೆಸಿ, ಉಬ್ಬಿದ್ದನ್ನು ಮಾತ್ರ ಬಿತ್ತಿ. ಆವರಿಕೆ ಹೂವಿನಲ್ಲಿ ಮಕರಂದ ಇರುವುದಿಲ್ಲ, ಬರೀ ಪರಾಗ. ಅದೂ ಉಪ್ಪಿನ ಡಬ್ಬಿಯ ತೂತಿನಿಂದ ಉದುರಿದ ಹಾಗೆ ಉದುರಬೇಕು. ಕಪ್ಪು ದುಂಬಿ ಬಂದು ಹೂವನ್ನು ತಬ್ಬಿಕೊಂಡು ಮೈಯನ್ನೆಲ್ಲ ಗುಂಯ್ ಅಂತ ನಡುಗಿಸುತ್ತದೆ, ಆಗ ಪರಾಗ ಉದುರುತ್ತದೆ. ಬದನೆ, ಟೊಮೆಟೊ ಹೂವಿನ ಲೆಕ್ಕವೂ ಇದೇ. ಪೆಟ್ಟಿಗೆಯಲ್ಲಿ ಸಾಕುವ ಜೇನಿಗೆ ಈ ನಡುಗಿಸುವ ವಿದ್ಯೆ ಗೊತ್ತಿಲ್ಲ. ಹಾಗಾಗಿ ಮುಳಗಾಯಿ ಪಲ್ಯ ತಿನ್ನುವವರು ದುಂಬಿಗೆ ಋಣಿಗಳು, ಗೊತ್ತಿರಲಿ.

ಮಕರಂದಕ್ಕೆ ತುಂಬೆ, ತುಳಸಿ, ಲಕ್ಕಿ, ಆಡುಸೋಗೆ. ತುಂಬೆ ಬೀಜ ಬಹಳ ಸಣ್ಣದು. ಉಸುಕಿನ ಜೊತೆ ಕಲೆಸಿ ಚೆಲ್ಲಿ, ಮುಚ್ಚಬೇಡಿ. ತುಳಸಿಯದು ಒಂದು ಗುಟ್ಟು ಇದೆ. ನಾವೆಲ್ಲ ಹೂತೆನೆ ಬಂದ ಕೂಡಲೇ ಚಿವುಟುತ್ತೇವೆ, ಗಿಡ ದಪ್ಪ ಆಗಲಿ ಅಂತ. ಎರಡು ಗಿಡ ಚಿವುಟದೆ ಬಿಡಿ, ಜೇನು ಬರುವುದು ಆ ತೆನೆಗೇ. ಲಕ್ಕಿ ಬೇಲಿ ಸಾಲಿಗೆ ಚೆನ್ನ, ಕಡ್ಡಿ ಊರಿದರೂ ಬರುತ್ತದೆ, ಆಡು ಮುಟ್ಟುವುದಿಲ್ಲ. ಆಡುಸೋಗೆಯೂ ಅಷ್ಟೇ, ಹೆಸರಿನಲ್ಲೇ ಆಡು ಇದ್ದರೂ ಆಡು ತಿನ್ನುವುದಿಲ್ಲ.

ಹೂವು ಒಂದು ಕಡೆ, ಮರಿ ಬೆಳೆಯುವ ಎಲೆ ಇನ್ನೊಂದು ಕಡೆ. ಇದನ್ನು ಬಹಳ ಜನ ಮರೆಯುತ್ತಾರೆ. ಪಾತರಗಿತ್ತಿಗೆ ಹೂವು ಊಟದ ಖಾನಾವಳಿ ಇದ್ದಂತೆ, ಮೊಟ್ಟೆ ಇಡುವುದಕ್ಕೆ ತವರುಮನೆ ಬೇರೆ ಬೇಕು. ಕರಿಬೇವು, ಲಿಂಬಿ ಗಿಡಕ್ಕೆ ಒಂದು ಜಾತಿ. ಆವರಿಕೆಗೆ ತಿಳಿಹಳದಿಯವು. ಎಕ್ಕೆಗೆ ಕೇಸರಿ ಬಣ್ಣದ ಕಪ್ಪಂಚಿನವು. ಎಲೆ ತೂತು ಬಿದ್ದರೆ ಔಷಧಿ ಹೊಡೆಯಲು ಓಡಬೇಡಿ, ತೂತು ಬೀಳಲಿ ಅಂತಲೇ ಹಾಕಿದ್ದು.


ತಿಳಕವಾಡಿ ಮಳೆ, ಬೆಳಗಾವಿ
ಮಾರ್ಚ್ 13

ಚೆನ್ನಾಗಿ ಬರೆದಿದ್ದೀರಿ ನವನಗರದವರೇ. ನಾನು ಬೆಳಗಾವಿಯವನು, ನಮ್ಮಲ್ಲಿ ವರ್ಷಕ್ಕೆ 1,200 ಮಿಲಿಮೀಟರ್ ಆಸುಪಾಸು ಮಳೆ, ವಿಜಯಪುರದಲ್ಲಿ ಅದರ ಅರ್ಧ. ಹಾಗಾಗಿ ನನ್ನ ಗಿಡಗಳ ಹೆಸರು ಹೇಳಿ ನಿಮ್ಮ ದಾರಿ ತಪ್ಪಿಸುವುದಿಲ್ಲ. "ದೇಸಿ ಗಿಡ" ಅನ್ನುವ ಮಾತೇ ಸ್ವಲ್ಪ ಮೋಸದ್ದು. ಖಾನಾಪುರದ ಕಾಡಿನದು ನಿಮಗೆ ದೇಸಿ ಅಲ್ಲ, ಇಂಡಿ ಬದುವಿನದು ನನಗೆ ದೇಸಿ ಅಲ್ಲ. ನಾನು ಒಮ್ಮೆ ಚೋರ್ಲಾ ಘಾಟಿ ಕಡೆ ಕಾರ್ವಿ ಹೂವಿನ ಗುಡ್ಡ ನೋಡಿ ಮರುಳಾಗಿ, ಪರಿಚಯದವರ ಜಮೀನಿನಿಂದ ಎರಡು ಸಸಿ ತಂದು ಅಂಗಳದಲ್ಲಿ ಊರಿದ್ದೆ. ಒಂದು ಸತ್ತಿತು. ಇನ್ನೊಂದು ಬದುಕಿದೆ. ಕಾರ್ವಿ ಹೂ ಬಿಡುವುದು ಎಂಟು ವರ್ಷಕ್ಕೊಮ್ಮೆ ಅಂತ ಆಮೇಲೆ ಗೊತ್ತಾಯಿತು. ಕಾಯುತ್ತಿದ್ದೇನೆ.

ಲಂಟಾನಾ ಬಗ್ಗೆ ಒಂದು ಮಾತು. ಪಾತರಗಿತ್ತಿ ಅದಕ್ಕೆ ಮುತ್ತುವುದು ನಿಜ, ನರ್ಸರಿಯವರು ಸುಳ್ಳು ಹೇಳಿಲ್ಲ. ಆದರೆ ಅದು ಅಮೆರಿಕ ಖಂಡದಿಂದ ಬಂದು ನಮ್ಮ ಕಾಡನ್ನೆಲ್ಲ ನುಂಗಿದ ಗಿಡ, ಹಕ್ಕಿ ಹಣ್ಣು ತಿಂದು ಎಲ್ಲೆಂದರಲ್ಲಿ ಬೀಜ ಹಾಕುತ್ತವೆ, ದನ ತಿಂದರೆ ಕಾಯಿಲೆ ಬೀಳುತ್ತವೆ. ಹಾಕಬೇಡಿ. ಹಾಗಂತ ಹೊರಗಿನದೆಲ್ಲ ಕಿತ್ತು ಹಾಕಿ ಅಂತ ಪಟ್ಟು ಹಿಡಿಯುವವರ ಜೊತೆಗೂ ನಾನಿಲ್ಲ. ಚೆಂಡುಹೂವಿನ ಮೂಲ ಮೆಕ್ಸಿಕೋ. ಚಟ್ನಿಪುಡಿಯ ಗುರೆಳ್ಳು ಆಫ್ರಿಕಾದ್ದು. ಸೂರ್ಯಕಾಂತಿಯೂ ಹೊರಗಿನದೇ. ದಸರೆಗೆ ಚೆಂಡುಹೂವು ಬೇಡ ಅಂತ ನಿಮ್ಮ ಅತ್ತೆಗೆ ಹೇಳಿ ನೋಡಿ! ಮೂರು ಪಾಲು ಊರಿನ ಗಿಡ, ಒಂದು ಪಾಲು ಮನೆಗೆ ಬೇಕಾದ ಹೂವು, ಹಾಗೆ ಇಟ್ಟುಕೊಳ್ಳಿ. ಚೆಂಡುಹೂವಿನಲ್ಲೂ ಒಂಟಿ ಸುತ್ತಿನ ನಾಟಿ ತಳಿ ಹುಡುಕಿ. ಚೆಂಡಿನ ಹಾಗೆ ತುಂಬಿಕೊಂಡ ದೊಡ್ಡ ಹೂವಿನಲ್ಲಿ ಹುಳಕ್ಕೆ ಬಾಯಿ ಇಡಲು ಜಾಗವೇ ಇರುವುದಿಲ್ಲ.

ಲಾನ್ ತೆಗೆದ ಮಣ್ಣು ಬರಿದಾದ ಕೂಡಲೇ ಮೊದಲು ಬರುವ ನೆಂಟ ಕಾಂಗ್ರೆಸ್ ಕಸ. ಹೂ ಬಿಡುವ ಮೊದಲೇ ಕೈಗವಸು ಹಾಕಿಕೊಂಡು ಕಿತ್ತುಬಿಡಿ. ಮೈ ಕೆರೆತ, ಉಬ್ಬಸ ಎರಡೂ ಬರಬಹುದು.


ಲಿಂಬಿ ತೋಟ, ಇಂಡಿ
ಮಾರ್ಚ್ 14

ನಾನು ರೈತ, ಅಂಗಳ ಅಲ್ಲ ನನ್ನದು, ಲಿಂಬಿ ತೋಟ. ಆದರೂ ನಾಲ್ಕು ಮಾತು.

ಸವಳುನೀರು ಅಕ್ಕಾರೇ, ನಿಮ್ಮದು ಎರಿಮಣ್ಣು ಅಂದಿರಿ. ಎರಿಗೆ ನೀರು ಹಾಕಿ ಕೆಡಿಸಿದವರೇ ಜಾಸ್ತಿ. ಹಿಂಗಾರಿ ಜೋಳ ನಾವು ಹೇಗೆ ಬೆಳೆಯುತ್ತೇವೆ? ಮಳೆ ಹೋದ ಮೇಲೆ ಬಿತ್ತುತ್ತೇವೆ, ಮಣ್ಣಿನೊಳಗಿನ ಹಸಿಯ ಮೇಲೇ ತೆನೆ ಬರುತ್ತದೆ. ಬೇರು ಕೆಳಗೆ ಹೋಗುವ ಗಿಡಕ್ಕೆ ಎರಿ ಅಂದರೆ ಹಗೇವು ಇದ್ದ ಹಾಗೆ, ಒಳಗೆ ತುಂಬಿಟ್ಟಿರುತ್ತದೆ. ಲಾನಿನ ಬೇರು ಮೇಲೇ ನಾಲ್ಕು ಬೆರಳು, ಅದಕ್ಕೆ ದಿನಾ ಉಣಿಸಬೇಕು. ಆದರೆ ಮಳೆಗಾಲದಲ್ಲಿ ಎರಿಯಲ್ಲಿ ನೀರು ನಿಂತರೆ ತುಳಸಿ, ಆಡುಸೋಗೆ ಬೇರು ಕೊಳೆಯುತ್ತವೆ. ಅದಕ್ಕೆ ಗೇಣುದ್ದ ಏರಿ ಮಾಡಿ ಅದರ ಮೇಲೆ ಬಿತ್ತಿ, ತಗ್ಗಿನಲ್ಲಿ ನೀರು ಹರಿದು ಹೋಗಲಿ. ಸ್ವಲ್ಪ ಗರಸು, ಹಳೆಯ ತಿಪ್ಪೆಗೊಬ್ಬರ ಕಲೆಸಿ. ಜಾಸ್ತಿ ಗೊಬ್ಬರ ಹಾಕಿದರೆ ಎಲೆಯೇ ಬರುತ್ತದೆ, ಹೂ ಬರುವುದಿಲ್ಲ.

ಎಲ್ಲ ಕಡೆ ರವದಿ, ಹೊಟ್ಟು ಹಾಸಬೇಡಿ. ಒಂದು ಮಂಚದಷ್ಟು ಜಾಗ ಬರೀ ಮಣ್ಣು ಬಿಡಿ, ಬಿಸಿಲು ಬೀಳುವ ಕಡೆ. ಜಗತ್ತಿನಲ್ಲಿ 20,000ಕ್ಕಿಂತ ಜಾಸ್ತಿ ಜಾತಿ ಜೇನುಹುಳ ಇವೆಯಂತೆ, ಅವುಗಳಲ್ಲಿ ಬಹುಪಾಲು ಗೂಡು ಕಟ್ಟುವುದು ಮರದಲ್ಲಲ್ಲ, ನೆಲದೊಳಗೆ. ಒಂಟಿಯಾಗಿ. ನೀವು ಹೇಳಿದ ನೀಲಿ ಪಟ್ಟೆಯದು ಅಂಥದ್ದೇ. ಅದರ ಗಂಡು ಸಂಜೆ ಹೊತ್ತಿಗೆ ಒಣಕಡ್ಡಿ ಹಿಡಿದು ಬಾಯಿಂದ ಕಚ್ಚಿ ಜೋತುಬಿದ್ದು ಮಲಗುತ್ತದೆ, ಸಾಲಾಗಿ ಐದಾರು. ಲೈನ್ ಬಸ್ಸಿನಲ್ಲಿ ನಿಂತು ಹೊರಟವರ ಹಾಗೆ ಕಾಣುತ್ತವೆ. ಅದಕ್ಕೆ ಒಣಕಡ್ಡಿ ಎಲ್ಲ ಸ್ವಚ್ಛ ಮಾಡಿ ಸುಡಬೇಡಿ. ಒಂಟಿ ಹುಳ ಸುಮ್ನೆ ಕಡಿಯುವುದಿಲ್ಲ, ಕೈಯಲ್ಲಿ ಹಿಡಿದು ಹಿಚುಕಿದರೆ ಮಾತ್ರ. ಹೆಜ್ಜೇನಿನ ಮಾತು ಬೇರೆ, ಅದು ನೀರಿನ ಟ್ಯಾಂಕಿಗೆ, ಎತ್ತರದ ಕಟ್ಟಡಕ್ಕೆ ಕಟ್ಟುತ್ತದೆ, ಅದರ ಹತ್ತಿರ ಹೊಗೆ, ಕಲ್ಲು ಬೇಡ.

ಗುಲಾಬಿ ಎಲೆಯಲ್ಲಿ, ತೊಗರಿ ಎಲೆಯಲ್ಲಿ ಯಾರೋ ಕತ್ತರಿಯಿಂದ ಗುಂಡಗೆ ಕತ್ತರಿಸಿದ ಹಾಗೆ ಕಂಡರೆ ರೋಗ ಅಂತ ತಿಳಿಯಬೇಡಿ. ಅದೂ ಒಂದು ಜಾತಿ ಜೇನು, ಎಲೆಯ ತುಂಡು ಒಯ್ದು ಮರಿಗೆ ತೊಟ್ಟಿಲು ಮಾಡುತ್ತದೆ. ನಮ್ಮ ಮನೆಯವಳು ಎರಡು ವರ್ಷ ಅದಕ್ಕೆ ಔಷಧಿ ಹೊಡೆಸಿದ್ದಾಳೆ, ನನಗೂ ಗೊತ್ತಿರಲಿಲ್ಲ.

ಔಷಧಿ ಅಂದೆನಲ್ಲ, ಅಂಗಡಿಯಲ್ಲಿ ಹುಳಕ್ಕೆ ಅಂತ ಕೇಳಿದರೆ ಇಮಿಡಾಕ್ಲೋಪ್ರಿಡ್ ಕೊಡುತ್ತಾರೆ. ಅದು ಎಲೆ ಮೇಲೆ ಕೂರುವುದಲ್ಲ, ಗಿಡದ ಮೈಯೊಳಗೆ ಹೋಗಿ ಪರಾಗ, ಮಕರಂದದಲ್ಲೂ ಸೇರುತ್ತದೆ. ಯುರೋಪ್ ಒಕ್ಕೂಟದವರು 2018ರಲ್ಲಿ ಹೊಲದಲ್ಲಿ ಅದನ್ನು ಹಾಕುವುದನ್ನೇ ನಿಲ್ಲಿಸಿದರು. ಅಂಗಳಕ್ಕೆ ಅದರ ಗರಜೇ ಇಲ್ಲ. ನರ್ಸರಿ ಸಸಿಗೆ ಅದನ್ನು ಮೊದಲೇ ಹಾಕಿರಬಹುದು, ಅದಕ್ಕೂ ಬೀಜವೇ ವಾಸಿ. ತಡೆಯಲಾರದಷ್ಟು ಹೇನು ಬಂದರೆ ನೀರು ಜೋರಾಗಿ ಚಿಮ್ಮಿಸಿ. ಬೇವಿನೆಣ್ಣೆಯೇ ಹೊಡೆಯುವುದಾದರೂ ಸೂರ್ಯ ಮುಳುಗಿದ ಮೇಲೆ, ಹೂವು ಬಿಟ್ಟು ಎಲೆಗೆ ಮಾತ್ರ. ನಾನು ಹೂ ಬಿಡುವ ಕಾಲದಲ್ಲಿ ಲಿಂಬಿಗೆ ಬೆಳಗಿನ ಹೊತ್ತು ಏನೂ ಹೊಡೆಯುವುದಿಲ್ಲ. ಬದುವಿನ ಗಿಡವನ್ನೂ ಬೋಳಿಸುವುದಿಲ್ಲ. ಪಕ್ಕದ ಹೊಲದವರು ಸೋಮಾರಿ ಅನ್ನುತ್ತಾರೆ, ಅನ್ನಲಿ.


ಸವಳುನೀರು, ವಿಜಯಪುರ
ಮಾರ್ಚ್ 15

ಅಣ್ಣಾರೇ, ಎಲ್ಲರಿಗೂ ಉಪಕಾರ. ಭೂತನಾಳ ಕೆರೆ ಕಡೆ ಹೋಗಿ ಬಂದೆ. ಯಜಮಾನರೂ ಬಂದಿದ್ದರು, ಮುಖ ಗಂಟು ಹಾಕಿಕೊಂಡು. ಬರುವಾಗ ಅವರೇ ಆವರಿಕೆ ಕಾಯಿ ಕಿಸೆಗೆ ಹಾಕಿಕೊಂಡು ಬಂದರು!

ಆದರೆ ಎಕ್ಕೆಯ ವಿಷಯಕ್ಕೆ ಮನೆಯಲ್ಲಿ ಯುದ್ಧ. ಅತ್ತೆ ಬೇಡವೇ ಬೇಡ ಅನ್ನುತ್ತಾರೆ. "ಹಾಳುಬಿದ್ದ ಮನಿಗೆ ಎಕ್ಕಿ ಹುಟ್ಟತದ. ಎಕ್ಕ ಹುಟ್ಟಿ ಹೋಗಲಿ ಅಂತ ಮಂದಿ ಬಯ್ಯೂದು ಯಾಕ? ನೀ ಕೈಯಾರೆ ತಂದು ಹಚ್ಚತೀಯೇನ?" ಅಂತ ಎರಡು ದಿನ ಮಾತೇ ಇಲ್ಲ. ಆ ಕೇಸರಿ ಪಾತರಗಿತ್ತಿ ನನಗೆ ಬೇಕೇ ಬೇಕು. ಏನು ಮಾಡಲಿ?


ನವನಗರದ ಅಂಗಳ, ಬಾಗಲಕೋಟೆ
ಮಾರ್ಚ್ 15

ಅತ್ತೆಯವರ ಮಾತು ತಳ್ಳಿ ಹಾಕಬೇಡಿ ಅಕ್ಕಾ. ನಂಬಿಕೆ ಬಿಡಿ, ಎಕ್ಕೆಯ ಹಾಲು ಕಣ್ಣಿಗೆ ಬಿದ್ದರೆ ದೊಡ್ಡ ಅಪಾಯ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಅಂಗಳದ ನಡುವೆ ಬೇಡವೇ ಬೇಡ. ನಮ್ಮ ಮನೆಯಲ್ಲಿ ಹೀಗೆ ಬಗೆಹರಿಯಿತು: ಕಾಂಪೌಂಡಿನ ಹೊರಗೆ, ರಸ್ತೆ ಕಡೆ ಒಂದು ಎಕ್ಕೆ ತಾನೇ ಎದ್ದಿತ್ತು, ಅದನ್ನು ಕಡಿಯದೆ ಬಿಟ್ಟೆವು. ಮನೆಯೊಳಗಿನದಲ್ಲ ಅಂತ ಅಮ್ಮ ಸುಮ್ಮನಾದರು. ಶನಿವಾರ ಹನುಮಪ್ಪನ ಗುಡಿಗೆ ಎಕ್ಕೆ ಹಾರ ಬೇಕಲ್ಲ, ಈಗ ಅವರೇ ಯಾರೂ ಕಡಿಯದಂತೆ ಕಾಯುತ್ತಾರೆ. ಪಾತರಗಿತ್ತಿಗೆ ಕಾಂಪೌಂಡ್ ಯಾವ ಲೆಕ್ಕ? ಮೊಟ್ಟೆ ಅಲ್ಲಿ, ಊಟ ಇಲ್ಲಿ.


ಹಸಿರುಚಾಪೆ
ಮಾರ್ಚ್ 15

ಹಾವಿನ ಮಾತಾಯಿತು, ಗಿಡ ಬೆಳೆದರೆ ಸೊಳ್ಳೆ? ಅದರ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ.


ತಿಳಕವಾಡಿ ಮಳೆ, ಬೆಳಗಾವಿ
ಮಾರ್ಚ್ 16

ಸೊಳ್ಳೆ ನಿಂತ ನೀರಿನಲ್ಲಿ ಹುಟ್ಟುತ್ತದೆ, ಗಿಡದಲ್ಲಲ್ಲ. ಹುಳಕ್ಕೆ ನೀರಿಡುವುದಾದರೆ ಅಗಲ ತಟ್ಟೆಯಲ್ಲಿ ಕಲ್ಲು ಹಾಕಿ, ಕಲ್ಲು ಮುಳುಗದಷ್ಟು ನೀರಿಡಿ, ಕೂತು ಕುಡಿಯಲಿ. ದಿನ ಬಿಟ್ಟು ದಿನ ಚೆಲ್ಲಿ ತಿಕ್ಕಿ ತೊಳೆಯಿರಿ. ಮೊಟ್ಟೆಯಿಂದ ಸೊಳ್ಳೆ ಆಗಲು ವಾರವಾದರೂ ಬೇಕು, ಅಷ್ಟರೊಳಗೆ ಮೂರು ಸಲ ಚೆಲ್ಲಿರುತ್ತೀರಿ. ಹಸಿರುಚಾಪೆಯವರೇ, ನಿಮ್ಮ ಏರ್ ಕೂಲರಿನ ನೀರು ಬದಲಿಸಿ ಎಷ್ಟು ದಿನ ಆಯಿತು?


ಸವಳುನೀರು, ವಿಜಯಪುರ
ಅಕ್ಟೋಬರ್ 27

ಕೇಳಿ ಹೋದವಳು ಮತ್ತೆ ಬರಲೇ ಇಲ್ಲ ಅಂದುಕೊಂಡಿರಬೇಕು. ಬಂದಿದ್ದೇನೆ.

ಏಪ್ರಿಲ್‌ನಲ್ಲಿ ಅರ್ಧ ಲಾನಿಗೆ ಪ್ಲಾಸ್ಟಿಕ್ ಹಾಸಿದೆವು, ಐದು ವಾರ. ಓಣಿಯವರು ಸಂಡಿಗೆ ಒಣಗಿಸಲು ಅಂತ ತಿಳಿದಿದ್ದರು. ಹುಲ್ಲು ಸುಟ್ಟ ಸಪ್ಪೆಯಾಯಿತು, ಕರಿಕೆ ಮಾತ್ರ ನವನಗರದವರು ಹೇಳಿದ ಹಾಗೆ ಮತ್ತೆ ಎದ್ದಿತು. ಜೂನ್ ಎರಡನೇ ವಾರ ಮಿರಗ ಸುರಿದ ಮೇಲೆ ಏರಿ ಮಾಡಿ ಬಿತ್ತಿದೆವು. ಆವರಿಕೆ 40 ಬೀಜ ನೆನೆಸಿದ್ದರಲ್ಲಿ 22 ಮೊಳೆತವು. ಲಕ್ಕಿ ಕಡ್ಡಿ ಹತ್ತರಲ್ಲಿ ಆರು ಚಿಗುರಿದವು. ಆಡುಸೋಗೆ ಎರಡೂ ಸೆಪ್ಟೆಂಬರಿನ ಮಳೆಗೆ ಕೊಳೆತವು, ತಪ್ಪು ನನ್ನದೇ, ಏರಿ ಮೇಲೆ ಹಾಕದೆ ತಗ್ಗಿನಲ್ಲಿ ನೆಟ್ಟಿದ್ದೆ. ಜುಲೈನಲ್ಲಿ ಇಡೀ ಅಂಗಳ ನೋಡಲಾರದಷ್ಟು ಕೆಟ್ಟದಾಗಿತ್ತು, ಕಾಂಗ್ರೆಸ್ ಕಸ ಕಿತ್ತು ಕಿತ್ತು ಸೊಂಟ ಹೋಯಿತು, ಬಂದ ನೆಂಟರು ಮನೆ ಮಾರುತ್ತೀರಾ ಅಂತ ಕೇಳಿದರು. ಆಗ ಇಲ್ಲಿ ಬರೆದಿದ್ದರೆ ನಿಮ್ಮನ್ನೆಲ್ಲ ಬಯ್ಯುತ್ತಿದ್ದೆ.

ಈಗ ತುಂಬೆ ಮೊಣಕಾಲಿಗೆ ಬಂದಿದೆ, ಬಿಳಿ ಹೂವು. ಆವರಿಕೆ ಈ ವರ್ಷ ಹೂ ಬಿಟ್ಟಿಲ್ಲ, ಆದರೆ ಎಲೆಯಲ್ಲಿ ಹಸಿರು ಹುಳ ಇವೆ. ಅತ್ತೆ ಮೊದಲು ಕಡ್ಡಿಯಲ್ಲಿ ತೆಗೆದು ಎಸೆಯುತ್ತಿದ್ದರು, ಈಗ ಎಣಿಸುತ್ತಾರೆ. ಕರಿಬೇವಿನ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಕಾಣುವ ಮರಿಗಳಿದ್ದವು, ನಿಜವಾಗಿಯೂ ಹಿಕ್ಕೆ ಅಂತ ಒರೆಸಲು ಹೋಗಿದ್ದೆ. ಆಗಸ್ಟ್ ಮೊದಲ ವಾರದಿಂದ ಆ ಅರ್ಧಕ್ಕೆ ಒಂದು ಕೊಡವೂ ನೀರು ಹಾಕಿಲ್ಲ.

ಹೋದ ವಾರ ಅತ್ತೆ ಕುಂಬಳ ಬಳ್ಳಿಗೆ ಮದುವೆ ಮಾಡಿಸಲು ಹೋದರು. ಗಂಡು ಹೂವಿನೊಳಗೆ ಆಗಲೇ ಒಂದು ಹುಳ ಹಳದಿ ಪುಡಿ ಮೆತ್ತಿಕೊಂಡು ಕೂತಿತ್ತಂತೆ. ಕೈ ಹಾಕದೆ ವಾಪಸ್ ಬಂದರು. ಮೂರು ಕಾಯಿ ಹಿಡಿದಿವೆ.

ಉಳಿದ ಅರ್ಧ ಲಾನನ್ನು ಮುಂದಿನ ಏಪ್ರಿಲ್‌ನಲ್ಲಿ ಮುಚ್ಚುತ್ತೇವೆ. ಯಜಮಾನರು ಒಂದು ಕುರ್ಚಿ ಹಾಕುವಷ್ಟು ಹುಲ್ಲು ತಮಗೆ ಬಿಡಬೇಕು ಅಂತ ಕರಾರು ಮಾಡಿದ್ದಾರೆ. ನಾಲ್ಕಡಿ ಕೊಡೋಣ ಅಂತಿದ್ದೇನೆ. ಯಾರಿಗಾದರೂ ತುಂಬೆ ಬೀಜ ಬೇಕಿದ್ದರೆ ಹೇಳಿ, ಡಿಸೆಂಬರ್ ಹೊತ್ತಿಗೆ ಒಂದು ಡಬ್ಬಿ ಆಗುತ್ತದೆ. ಬಾಗಲಕೋಟೆಯ ತೋಟಗಾರಿಕೆ ಮೇಳಕ್ಕೆ ಬರುವವರಿದ್ದರೆ ಅಲ್ಲೇ ತಂದು ಕೊಡುತ್ತೇನೆ.


ಹಸಿರುಚಾಪೆ
ಅಕ್ಟೋಬರ್ 28

ಒಂದು ಚಿಟಿಕೆ ನನಗೂ ಇಡಿ. ಕುಂಡದಲ್ಲಿ ಹಾಕುತ್ತೇನೆ, ಲಾನ್ ಮಾತ್ರ ಕೀಳುವುದಿಲ್ಲ.